ಬಿಡಿಭಾಗಗಳ ಆಯ್ಕೆ: ಮನೆಯಲ್ಲಿ ಕಟ್ಟುವ ಆಟದ ಕಂಪ್ಯೂಟರಿನ ಜಮಾ-ಖರ್ಚು

ಒಂದು ಕಾಲದಲ್ಲಿ ಪುಣೆಯ ಕನ್ನಡ ಮನೆಗಳಲ್ಲಿ ಮಗನು ಕಾಲೇಜಿನ ಮೆಟ್ಟಿಲು ಹತ್ತಿದನೆಂದರೆ ಮೊದಲು ಏಳುತ್ತಿದ್ದುದು ಸ್ಕೂಟರಿನ ಪ್ರಶ್ನೆ. ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಬಜಾಜ್ ಚೇತಕ್ ಗಾಡಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿ ಕಾಯ್ದ ಹಿರಿಯರು ಸಂಘದ ಸಮಾರಂಭಗಳಲ್ಲಿ ಈಗಲೂ ಕಾಣಸಿಗುತ್ತಾರೆ. ಆ ಕಾಯುವಿಕೆಯಲ್ಲಿ ಒಂದು ಲಾಭವಿತ್ತು. ಗಾಡಿ ಮನೆಗೆ ಬರುವ ಹೊತ್ತಿಗೆ ಅದರ ಪ್ಲಗ್ ಎಲ್ಲಿದೆ, ಕ್ಲಚ್ಚಿನ ತಂತಿ ಏಕೆ ತುಂಡಾಗುತ್ತದೆ ಎಂಬುದೆಲ್ಲ ಅಪ್ಪ-ಮಗ ಇಬ್ಬರಿಗೂ ಬಾಯಿಪಾಠವಾಗಿರುತ್ತಿತ್ತು. ಇಂದು ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಸಂಜೆಯೇ ಬರುವ ಬೇಡಿಕೆ ಬೇರೆ: ಆಟವಾಡಲು ತಕ್ಕ ಶಕ್ತಿಯುಳ್ಳ ಕಂಪ್ಯೂಟರು, ಅದೂ ಅಂಗಡಿಯಿಂದ ಸಿದ್ಧವಾಗಿ ತಂದುದಲ್ಲ, ಬಿಡಿಭಾಗಗಳನ್ನು ಆಯ್ದು ಮನೆಯಲ್ಲಿಯೇ ಜೋಡಿಸಿದ್ದು. ಈ ಬೇಡಿಕೆ ಮಗಳಿಂದಲೂ ಬರುತ್ತದೆ.

ಇದಕ್ಕೆ ತಂದೆತಾಯಿಗಳಿಂದ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. "ಆಟಕ್ಕೆ ಯಾಕೆ ಅಷ್ಟು ದುಡ್ಡು?" ಎಂದು ಬಾಗಿಲು ಮುಚ್ಚುವುದು ಒಂದು. "ನಿನಗೇ ಗೊತ್ತು, ನೀನೇ ತೊಗೊಂಡು ಬಾ" ಎಂದು ಹಣ ಕೊಟ್ಟು ಕೈತೊಳೆದುಕೊಳ್ಳುವುದು ಮತ್ತೊಂದು. ಎರಡೂ ತಪ್ಪೆನ್ನದೆ ವಿಧಿಯಿಲ್ಲ. ಎರಡನೆಯದು ಉದಾರತೆಯಂತೆ ತೋರುವುದರಿಂದ ಹೆಚ್ಚು ಅಪಾಯಕರ.

ಧಾರವಾಡದಿಂದ ಬಂದು ಕೋಥರೂಡಿನಲ್ಲಿ ನೆಲೆಸಿದ ಒಂದು ಕುಟುಂಬದಲ್ಲಿ ನಡೆದುದನ್ನು ನೋಡಬಹುದು. 2024ರ ಜೂನ್ ತಿಂಗಳಲ್ಲಿ ಹುಡುಗನಿಗೆ 85,000 ರೂಪಾಯಿ ದೊರೆಯಿತು. ಅದರಲ್ಲಿ 25,000 ಊರಿನಲ್ಲಿದ್ದ ಅಜ್ಜನದು. ತಂದೆಗೆ ಹಣ ಕೊಡುವುದರಲ್ಲಿ ಬೇಸರವಿರಲಿಲ್ಲ, ಕುಳಿತು ಕೇಳುವುದರಲ್ಲಿ ಬೇಸರವಿತ್ತು. ಹುಡುಗನು 42,000 ರೂಪಾಯಿಗಳನ್ನು ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಸುರಿದನು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮುಂತಾದವುಗಳಿಗೆ ಉಳಿದುದನ್ನು ಹಂಚಿದ ಮೇಲೆ ವಿದ್ಯುತ್ ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಗೆ ಮಿಕ್ಕದ್ದು 1,100 ರೂಪಾಯಿ. ಅಂಗಡಿಯವನು ಅಷ್ಟರಲ್ಲಿಯೇ "500 ವ್ಯಾಟ್" ಎಂದು ಬರೆದಿದ್ದ ಒಂದು ಪೆಟ್ಟಿಗೆಯನ್ನು ಕೊಟ್ಟನು. ಯಂತ್ರ ಹನ್ನೊಂದು ತಿಂಗಳು ಸೊಗಸಾಗಿ ನಡೆಯಿತು. 2025ರ ಮೇ ತಿಂಗಳ ಒಂದು ಮಳೆಗಾಳಿಯ ಸಂಜೆ ವಿದ್ಯುತ್ತು ಎರಡು ಮೂರು ಬಾರಿ ಹೋಗಿ ಬಂದಿತು. ಪೆಟ್ಟಿಗೆಯಿಂದ ಸುಟ್ಟ ವಾಸನೆ ಹೊರಟಿತು. ಹೋಗುವಾಗ ಅದು ಒಂಟಿಯಾಗಿ ಹೋಗಲಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ದಿತು. ಅಜ್ಜನ ಹಣ ಹಾಳಾಯಿತೆಂಬ ಸಂಕಟಕ್ಕೆ ಹುಡುಗ ಎರಡು ದಿನ ಊಟ ಬಿಟ್ಟನು. ತಂದೆ ಒಂದು ವಾರ ಮಾತು ಬಿಟ್ಟರು.

ಇಲ್ಲಿ ಹುಡುಗನಿಗೆ ತಿಳಿವಳಿಕೆ ಸಾಲದೆ ಹೋಯಿತೆಂದು ಹೇಳುವಂತಿಲ್ಲ. ಯಾವ ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಮೂಡಿಸುತ್ತದೆ ಎಂಬುದನ್ನು ಅವನು ಅಂಗೈ ರೇಖೆಯಂತೆ ಬಲ್ಲವನಾಗಿದ್ದನು. ಅವನಿಗೆ ಇಲ್ಲದಿದ್ದುದು ಜಮಾ-ಖರ್ಚಿನ ದೃಷ್ಟಿ. ಅದು ಇದ್ದುದು ತಂದೆಯ ಬಳಿ. ಅವರು ಆ ವೇಳೆಗೆ ಎದ್ದು ಹೋಗಿದ್ದರು.

ಲೆಕ್ಕಪತ್ರ ಬಲ್ಲವರಿಗೆ ಸವಕಳಿಯೆಂಬ ಮಾತು ಹೊಸದಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರಕ್ಕೆ ಬಳಸುವ ಕಂಪ್ಯೂಟರಿಗೆ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡಾ 40ರಂತೆ ಸವಕಳಿ ಹಿಡಿಯುತ್ತಾರೆ. 85,000ದ ಯಂತ್ರ ಒಂದು ವರ್ಷಕ್ಕೆ 51,000, ಎರಡಕ್ಕೆ 30,600, ಮೂರಕ್ಕೆ 18,360 ಆಗುತ್ತದೆ. 2013ರ ಕಂಪನಿ ಕಾಯಿದೆಯೂ ಮೇಜಿನ ಮೇಲಿನ ಕಂಪ್ಯೂಟರಿಗೆ ಮೂರು ವರ್ಷಗಳ ಆಯುಷ್ಯವನ್ನೇ ಹೇಳುತ್ತದೆ. ಆದರೆ ಕಾಯಿದೆ ಕಾಣುವುದು ಇಡೀ ಯಂತ್ರವನ್ನು. ಬಿಡಿಭಾಗಗಳನ್ನು ಆಯ್ದು ಕಟ್ಟುವವನಿಗೆ ದೊರೆಯುವ ದೊಡ್ಡ ಸೌಲಭ್ಯವೆಂದರೆ ಒಂದೊಂದು ಭಾಗದ ಆಯುಷ್ಯವನ್ನು ಬೇರೆ ಬೇರೆಯಾಗಿ ನೋಡುವ ಅವಕಾಶ. ಒಳ್ಳೆಯ ಕ್ಯಾಬಿನೆಟ್ಟು, ಒಳ್ಳೆಯ ಎಸ್.ಎಂ.ಪಿ.ಎಸ್., ಒಳ್ಳೆಯ ಮಾನಿಟರು, ಒಳ್ಳೆಯ ಕುರ್ಚಿ, ಇವು ಏಳೆಂಟು ವರ್ಷ ಬಾಳಬಲ್ಲವು, ಎರಡು ಯಂತ್ರಗಳಿಗೆ ಸೇವೆ ಸಲ್ಲಿಸಬಲ್ಲವು. ಗ್ರಾಫಿಕ್ಸ್ ಕಾರ್ಡು ಕೆಡದಿದ್ದರೂ ಮೂರು ನಾಲ್ಕು ವರ್ಷಗಳಲ್ಲಿ ಹಳತಾಗುತ್ತದೆ. ಬೇಗ ಹಳತಾಗುವುದಕ್ಕೆ ಅರ್ಧ ಬಂಡವಾಳ ಹಾಕಿ, ಬಹುಕಾಲ ಬಾಳುವುದಕ್ಕೆ ಚಿಲ್ಲರೆ ಎಸೆಯುವುದು ಯಾವ ವ್ಯಾಪಾರದ ರೀತಿ? ಆಟದ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡೇ ಮುಖ್ಯವೆಂಬುದು ಸುಳ್ಳಲ್ಲ. ಅದಕ್ಕೆ ಒಟ್ಟು ಹಣದ ಮೂರನೆಯ ಒಂದು ಪಾಲು ಸಲ್ಲಲಿ, ಕೊಂಚ ಮೇಲಾದರೂ ಸರಿ. ಆದರೆ ಎಸ್.ಎಂ.ಪಿ.ಎಸ್. ಪೆಟ್ಟಿಗೆಗೆ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಡುವ ಪಟ್ಟಿಯನ್ನು ತಂದೆಯಾದವನು ಒಪ್ಪಕೂಡದು.

ಈ ಪೆಟ್ಟಿಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಯಾರೂ ನೋಡುವುದಿಲ್ಲ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಇದು 12, 5, 3.3 ವೋಲ್ಟುಗಳಿಗೆ ಇಳಿಸಿ ಹಂಚುತ್ತದೆ. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು ಬಹುತೇಕ ಎಲ್ಲ ಶಕ್ತಿಯನ್ನೂ ಸೆಳೆಯುವುದು 12 ವೋಲ್ಟಿನ ಸಾಲಿನಿಂದ. ಆದುದರಿಂದ ಪೆಟ್ಟಿಗೆಯ ಮುಖದ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ವ್ಯಾಟನ್ನು ನಂಬದೆ, ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು 12ರಿಂದ ಗುಣಿಸಬೇಕು. 18 ಆಂಪಿಯರ್ ಎಂದಿದ್ದರೆ ದೊರೆಯುವುದು 216 ವ್ಯಾಟ್ ಮಾತ್ರ, ಹೊರಗೆ 500 ಎಂದಿದ್ದರೂ ಅಷ್ಟೆ. ಪ್ರಾಮಾಣಿಕವಾಗಿ ತಯಾರಾದ 550 ವ್ಯಾಟಿನ ಪೆಟ್ಟಿಗೆಯಲ್ಲಿ ಅದೇ ಸ್ಥಳದಲ್ಲಿ 45 ಆಂಪಿಯರಿನ ಆಸುಪಾಸು ಇರುತ್ತದೆ. ಬ್ಯಾಲೆನ್ಸ್ ಶೀಟಿನ ಮುಖಪುಟದ ವರ್ಣಚಿತ್ರಗಳನ್ನು ಬಿಟ್ಟು ಹಿಂದಿನ ಪುಟದ ಷರಾಗಳನ್ನು ಓದುವ ಅಭ್ಯಾಸ ಉಳ್ಳವರಿಗೆ ಇದು ಕಷ್ಟದ ಕೆಲಸವಲ್ಲ. "80 ಪ್ಲಸ್" ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಸುರಕ್ಷತೆಯ ಭರವಸೆಯಲ್ಲ. ಆದರೂ ಅದೇ ಇಲ್ಲದ ಪೆಟ್ಟಿಗೆಯನ್ನು ಮುಟ್ಟದಿರುವುದು ಲೇಸು.

ಇದರ ಜೊತೆಗೇ ನೋಡಬೇಕಾದುದು ಮನೆಯ ಅರ್ಥಿಂಗ್. ಪೇಟೆಗಳ ಹಳೆಯ ವಾಡೆಗಳಲ್ಲಿಯೂ ಬಾಡಿಗೆಯ ಮನೆಗಳಲ್ಲಿಯೂ ಮೂರು ಕಣ್ಣಿನ ಸಾಕೆಟ್ ಇದ್ದರೂ ಮೂರನೆಯ ಕಣ್ಣಿಗೆ ತಂತಿಯೇ ಇರದಿರುವುದುಂಟು. ಎಂಬತ್ತು ಸಾವಿರದ ಯಂತ್ರವನ್ನು ಚುಚ್ಚುವ ಮೊದಲು ಇಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿ ನೋಡಿಸುವ ಖರ್ಚು ದೊಡ್ಡದಲ್ಲ. ಯು.ಪಿ.ಎಸ್. ಕೊಳ್ಳುವಾಗಲೂ ಎಚ್ಚರ ಬೇಕು. ಸಾಮಾನ್ಯವಾಗಿ ದೊರೆಯುವ 600 ವಿ.ಎ. ಯು.ಪಿ.ಎಸ್. ಹೊರಬಲ್ಲುದು ಸುಮಾರು 360 ವ್ಯಾಟ್. ಆಟ ಜೋರಾಗಿರುವಾಗ ಮಾನಿಟರೂ ಸೇರಿ ಅದು ಮೀರಬಹುದು.

ವಿದ್ಯುತ್ ಬಿಲ್ಲಿನ ಮಾತೂ ಒಂದಿದೆ. ಸರಾಸರಿ 350 ವ್ಯಾಟ್ ಸೆಳೆಯುವ ಯಂತ್ರ ದಿನಕ್ಕೆ ಮೂರು ಗಂಟೆ ನಡೆದರೆ ತಿಂಗಳಿಗೆ 31 ಯೂನಿಟ್ಟಿಗೂ ಮೇಲೆ. ಮಹಾವಿತರಣದ ದರಪಟ್ಟಿ 100 ಮತ್ತು 300 ಯೂನಿಟ್ಟುಗಳ ಗಡಿಯಲ್ಲಿ ಮೇಲಿನ ಹಂತಕ್ಕೆ ಜಿಗಿಯುವುದರಿಂದ, ಗಡಿಯ ಬಳಿ ಇರುವ ಮನೆಗೆ ಈ 31 ಯೂನಿಟ್ಟುಗಳು ದುಬಾರಿ ದರದಲ್ಲಿಯೇ ಬೀಳುತ್ತವೆ. ಇದನ್ನು ಹುಡುಗನಿಗೆ ಮೊದಲೇ ಲೆಕ್ಕ ಮಾಡಿ ತೋರಿಸುವುದು ಒಳ್ಳೆಯದು. ಬಿಲ್ಲು ಬಂದ ದಿನ ಗದರಿಸುವುದಕ್ಕಿಂತ.

ಪ್ರೊಸೆಸರಿಗಿಂತ ಮೊದಲು ಅದು ಕೂರುವ ಸಾಕೆಟ್ಟನ್ನು ಆರಿಸಬೇಕು. ಇದು ಮನೆಗಿಂತ ಮೊದಲು ನಿವೇಶನ ನೋಡುವಂಥ ಮಾತು. ಎ.ಎಂ.ಡಿ. ಸಂಸ್ಥೆಯ ಎ.ಎಂ.4 ಸಾಕೆಟ್ಟು 2016ರಲ್ಲಿ ಬಂದಿತು. 2017ರಲ್ಲಿ ಅದರ ಸಾಧಾರಣ ಮದರ್‌ಬೋರ್ಡ್ ಕೊಂಡ ಎಷ್ಟೋ ಜನರು ಐದು ವರ್ಷಗಳ ನಂತರ, 2022ರಲ್ಲಿ, ಬೋರ್ಡನ್ನು ಬದಲಿಸದೆಯೇ ಮೂರು ಪೀಳಿಗೆ ಮುಂದಿನ ಪ್ರೊಸೆಸರನ್ನು ಕೂರಿಸಿಕೊಂಡರು. 2022ರ ಸೆಪ್ಟೆಂಬರಿನಲ್ಲಿ ಬಂದ ಎ.ಎಂ.5ಕ್ಕೂ ದೀರ್ಘ ಬಾಳಿಕೆಯ ಭರವಸೆ ಇದೆ. ಇಂಟೆಲ್ ಸಂಸ್ಥೆಯು 2021ರಲ್ಲಿ ತಂದ ಸಾಕೆಟ್ಟನ್ನು 2024ರ ಅಕ್ಟೋಬರಿನಲ್ಲಿ ಬಿಟ್ಟು ಹೊಸದಕ್ಕೆ ಹೋಯಿತು. ಅದರ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳಲ್ಲಿ ಅಸ್ಥಿರತೆ ಕಂಡುಬಂದು 2024ರಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಗಿ ಬಂದುದೂ ಉಂಟು. ಆದರೆ ಅಷ್ಟರಿಂದಲೇ ಇಂಟೆಲ್ ಕೆಟ್ಟದೆಂದು ತೀರ್ಮಾನಿಸಬೇಕಿಲ್ಲ. ಒಂದೇ ಬೋರ್ಡಿನಲ್ಲಿ ಎರಡು ಪ್ರೊಸೆಸರುಗಳ ಕಾಲವನ್ನು ಕಳೆಯಬಹುದೇ ಎಂಬುದು ಕೊಳ್ಳುವವನು ಕೇಳಬೇಕಾದ ಪ್ರಶ್ನೆ.

ಬಳಸಿದ ಮಾಲು ಅಗ್ಗವೆಂದು ತೀರ ಹಳೆಯ ಪ್ರೊಸೆಸರಿಗೆ ಕೈ ಹಾಕುವವರೂ ಇದ್ದಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲಿನ 8ನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರ. 2020ರಿಂದ 2022ರವರೆಗೆ ಕ್ರಿಪ್ಟೊ ನಾಣ್ಯಗಳ ಗಣಿಗಾರಿಕೆಗೆಂದು ಈ ಕಾರ್ಡುಗಳನ್ನು ರಾಶಿ ರಾಶಿಯಾಗಿ ಕೊಂಡವರಿದ್ದರು, ಬೆಲೆ ಗಗನಕ್ಕೇರಿತ್ತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿದೊಡನೆ ಆ ಕಾರ್ಡುಗಳೆಲ್ಲ ಹಳೆಯ ಮಾಲಿನ ಮಾರುಕಟ್ಟೆಗೆ ಬಂದು ಬಿದ್ದವು. ಹಗಲಿರುಳು ದುಡಿದ ಎತ್ತಿಗೆ ಎಣ್ಣೆ ಸವರಿ ಸಂತೆಗೆ ತಂದಂತೆ ಅವನ್ನು ಒರೆಸಿ ಮಾರುವವರಿದ್ದಾರೆ. ಹೊಸ ಕಾರ್ಡೇ ಆದರೂ ಅದರೊಳಗಿನ ಸ್ಮರಣೆ 8 ಜಿ.ಬಿ.ಯೋ, 12 ಅಥವಾ 16 ಜಿ.ಬಿ.ಯೋ ಎಂಬುದನ್ನು ಕೇಳಬೇಕು. ವೇಗದಲ್ಲಿ ಕೊಂಚ ಹಿಂದಾದರೂ ಸ್ಮರಣೆ ಹೆಚ್ಚಿರುವುದು ಹೆಚ್ಚು ಕಾಲ ಬಾಳುತ್ತದೆ.

ರ‍್ಯಾಮ್ 16 ಜಿ.ಬಿ. ಇದ್ದರೆ ಸದ್ಯಕ್ಕೆ ಸಾಕು. ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿಗಳು ಮೇಲು, ಏಕೆಂದರೆ ಎರಡು ದಾರಿಗಳಲ್ಲಿ ಮಾಹಿತಿ ಹರಿಯುತ್ತದೆ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನೆಲ್ಲ ಬಾಚಿಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಎರಡು ಪಟ್ಟನ್ನೂ ಮೀರಿ ಏರಿತು. ಮೈಕ್ರಾನ್ ಸಂಸ್ಥೆಯಂತೂ ಆ ಡಿಸೆಂಬರಿನಲ್ಲಿ ಕ್ರೂಶಿಯಲ್ ಎಂಬ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಎಸ್.ಎಸ್.ಡಿ. ಒಂದು ಟಿ.ಬಿ. ಇರಲಿ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾಗಿರದೆ ಜಾಳಿಯದಾಗಿರಲಿ. ಏಪ್ರಿಲಿನಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಬಣ್ಣದ ದೀಪಗಳಿಗಿಂತ ಗಾಳಿ ಮುಖ್ಯ.

ಭಾಗಗಳ ನಡುವೆ ಹೊಂದಾಣಿಕೆ ಎಷ್ಟು ದೊಡ್ಡದೆಂಬುದಕ್ಕೆ ಪುಣೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಭಾರತವು ಕೇಳಿದಷ್ಟು ಶಕ್ತಿಯ ಕ್ರೇ ಸೂಪರ್ ಕಂಪ್ಯೂಟರನ್ನು ಕೊಡಲು ಅಮೆರಿಕ ಒಪ್ಪದಿದ್ದಾಗ, 1988ರಲ್ಲಿ ಸಿ-ಡ್ಯಾಕ್ ಸಂಸ್ಥೆ ಈ ಊರಿನಲ್ಲಿ ಹುಟ್ಟಿತು. ವಿಜಯ ಭಟ್ಕರರ ನೇತೃತ್ವದಲ್ಲಿ 1991ರಲ್ಲಿ ಸಿದ್ಧವಾದ ಪರಮ್ 8000 ಯಂತ್ರದಲ್ಲಿ ಇದ್ದುದು ಯಾರೂ ಕಾಣದ ಮಾಯಾಚಿಪ್ಪಲ್ಲ. ಬ್ರಿಟನ್ನಿನ ಇನ್‌ಮಾಸ್ ಸಂಸ್ಥೆ ತಯಾರಿಸುತ್ತಿದ್ದ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳನ್ನು ತಂದು, ಒಂದರ ಕೆಲಸ ಇನ್ನೊಂದಕ್ಕೆ ತಡವಾಗದಂತೆ ಬೆಸೆದದ್ದೇ ಅದರ ಹೆಚ್ಚುಗಾರಿಕೆ. ಕೋಥರೂಡಿನ ಹುಡುಗನ ಯಂತ್ರವನ್ನು ಪರಮ್ ಜೊತೆ ಹೋಲಿಸುವುದು ನಗೆಗೀಡಾದೀತು. ಆದರೂ 42,000ದ ಕಾರ್ಡಿಗೆ ದುರ್ಬಲ ಪ್ರೊಸೆಸರನ್ನು ಜೋಡಿಸಿದರೆ ಆ ಕಾರ್ಡು ಅರ್ಧ ಹೊತ್ತು ಸುಮ್ಮನೆ ಕೈಕಟ್ಟಿ ಕುಳಿತಿರುತ್ತದೆ ಎಂಬುದು ಎರಡು ಕಡೆಯೂ ನಿಜ.

ಇನ್ನು ಹಣ ಕೊಡುವ ಬಗೆ. ತಿಳಕ್ ರಸ್ತೆಯ ಅಂಗಡಿಗಳಲ್ಲಿ ಕೊಂಡರೂ ಸರಿಯೆ, ಮನೆಯಲ್ಲಿ ಕುಳಿತು ತರಿಸಿಕೊಂಡರೂ ಸರಿಯೆ, "ಬಡ್ಡಿಯಿಲ್ಲದ ಕಂತು" ಎಂಬ ಆಮಿಷ ಎದುರಾಗುತ್ತದೆ. ಬಡ್ಡಿಯಿಲ್ಲದ ಸಾಲವೆಂಬುದು ಲೋಕದಲ್ಲಿ ಅತ್ತೆ ಮಾವಂದಿರ ಬಳಿ ದೊರೆತೀತು, ಬ್ಯಾಂಕಿನಲ್ಲಿ ಅಲ್ಲ. ಶೂನ್ಯ ಬಡ್ಡಿಯ ಯೋಜನೆಗಳು ಗ್ರಾಹಕನಿಗೆ ನಿಜವಾದ ಖರ್ಚನ್ನು ಮರೆಮಾಡುತ್ತವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಆಕ್ಷೇಪಿಸಿತು. ಈಗ ನಡೆಯುವುದು ಹೀಗೆ: ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯೆಂದು ತೋರಿಸುತ್ತಾರೆ. ಪೂರ್ತಿ ಹಣ ಕೊಡುವವನಿಗೆ ದೊರೆಯಬಹುದಾಗಿದ್ದ ರಿಯಾಯಿತಿ ಅನೇಕ ವೇಳೆ ಇದೇ. ಮೇಲಾಗಿ ಆ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ.ಯೂ ಸಂಸ್ಕರಣ ಶುಲ್ಕವೂ ಬೀಳುತ್ತವೆ. ಕಂತು ತಪ್ಪಿ ಕಾರ್ಡಿನ ಬಾಕಿಯಾಗಿ ನಿಂತರೆ, ತಿಂಗಳಿಗೆ ಮೂರೂವರೆಯ ದರವೆಂದರೂ ವರ್ಷಕ್ಕೆ ನೂರಕ್ಕೆ 42 ಆಯಿತು. ಮೂರು ವರ್ಷದಲ್ಲಿ ಐದನೆಯ ಒಂದು ಪಾಲಿಗಿಳಿಯುವ ವಸ್ತುವಿಗಾಗಿ ಸಾಲ ಮಾಡಬೇಕೇ? ಹಣ ಸಾಲದಿದ್ದರೆ ಮೊದಲ ವರ್ಷ ಒಳಗೇ ಚಿತ್ರಶಕ್ತಿಯುಳ್ಳ ಪ್ರೊಸೆಸರಿನಿಂದ ಹಗುರವಾದ ಆಟಗಳನ್ನಾಡಿಕೊಂಡಿದ್ದು, ಮರುವರ್ಷ ಗ್ರಾಫಿಕ್ಸ್ ಕಾರ್ಡ್ ಸೇರಿಸಬಹುದು. ಬಿಡಿಭಾಗಗಳ ಯಂತ್ರಕ್ಕಿರುವ ಈ ಸೌಕರ್ಯ ಲ್ಯಾಪ್‌ಟಾಪಿಗಿಲ್ಲ.

"ಬಿಲ್ ಬೇಡವಾದರೆ ಬೆಲೆ ಇಳಿಸುವೆ" ಎನ್ನುವ ಅಂಗಡಿಯವನಿಗೆ ಅಲ್ಲಿಯೇ ನಮಸ್ಕಾರ ಹೇಳಿ ಹೊರಬೀಳುವುದು ಮೇಲು. ಉಳಿಯುವುದು ತೆರಿಗೆ, ಕಳೆಯುವುದು ವಾರಂಟಿ.

ಈ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಬಿಡಿಭಾಗಗಳ ಪಟ್ಟಿಯಲ್ಲಿ ಮೈಯೂ ಒಂದು ಭಾಗವೆಂದು ನೆನಪಿಸಿದರೆ ತಪ್ಪಾಗಲಾರದು. ಹುಡುಗರು ಬರೆದು ತರುವ ಪಟ್ಟಿಯಲ್ಲಿ ಕುರ್ಚಿ ಇರುವುದೇ ಇಲ್ಲ. ಇದ್ದರೆ ಓಟದ ಕಾರಿನ ಆಸನದಂತೆ ಕೆಂಪು ಕಪ್ಪು ಬಣ್ಣದ್ದು. ಎತ್ತರ ಬದಲಿಸಬಹುದಾದ, ಸೊಂಟಕ್ಕೆ ಆಸರೆ ಕೊಡುವ ಸಾಧಾರಣ ಆಫೀಸ್ ಕುರ್ಚಿ ಬಳಸಿದ್ದಾದರೂ ಅದಕ್ಕಿಂತ ಹಿತ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರದಲ್ಲಿರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಹೆಡ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75. ಅದೂ ವಾರಕ್ಕೆ 40 ಗಂಟೆ ಮಾತ್ರ.

ಚಟದ ಭಯ ನಿರಾಧಾರವಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದು ಸ್ನೇಹಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಈ ಸ್ಥಿತಿ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇದ್ದರೆ ಅದನ್ನು ಕಾಯಿಲೆಯೆಂದು 2022ರ ಜನವರಿಯಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ರೋಗಪಟ್ಟಿ ಗುರುತಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಇದಕ್ಕಾಗಿ ಶಟ್ ಕ್ಲಿನಿಕ್ ನಡೆಸುತ್ತಿದೆ. ಆದರೆ ಮನೆಯ ನಡುಕೋಣೆಯಲ್ಲಿ ಎಲ್ಲರ ಕಣ್ಣೆದುರಿಗೆ ಇರುವ ದೊಡ್ಡ ಯಂತ್ರಕ್ಕಿಂತ ಹೊದಿಕೆಯೊಳಗೆ ಸೇರುವ ಮೊಬೈಲಿನ ಮೇಲೆ ಕಣ್ಣಿಡುವುದು ಕಷ್ಟ ಎಂಬುದನ್ನು ನಿರಾಕರಿಸುವ ತಂದೆತಾಯಿಗಳು ಯಾರಾದರೂ ಇದ್ದಾರೆಯೆ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದು ಬೇರೆ ಅಧ್ಯಾಯ.

ಬ್ಯಾಂಕಿನ ಮೇಜಿನಾಚೆ ಕಣ್ಣೀರಿನೊಂದಿಗೆ ಬಂದು ನಿಲ್ಲುವ ಸಂಗತಿ ಇನ್ನೊಂದಿದೆ. ಯಂತ್ರಕ್ಕೆಂದು ಎಲ್ಲ ಹಣವನ್ನೂ ಮುಗಿಸಿದ ಹುಡುಗನು ಆಟವನ್ನು ಕದ್ದು ಇಳಿಸಿಕೊಳ್ಳುತ್ತಾನೆ. ಬೀಗ ಮುರಿದ ಆ ಆಟದೊಡನೆ ಕೀಲಿಕೈ ಕದಿಯುವ ತಂತ್ರಾಂಶವೂ ಒಳಗೆ ಬರಬಹುದು. ಅದೇ ಯಂತ್ರದಲ್ಲಿ ರಾತ್ರಿ ತಂದೆ ನೆಟ್ ಬ್ಯಾಂಕಿಂಗ್ ತೆರೆಯುತ್ತಾರೆ, ತಾಯಿ ತನ್ನ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಿರುತ್ತಾರೆ. ಆದುದರಿಂದ ವಿಂಡೋಸಿನ ಲೈಸೆನ್ಸು ಮತ್ತು ಎರಡು ಆಟಗಳ ಬೆಲೆ ಬಿಡಿಭಾಗಗಳ ಪಟ್ಟಿಯಲ್ಲಿಯೇ ಮೊದಲು ಬರೆಯಲ್ಪಡಬೇಕು. ಹಣಕಾಸಿನ ವ್ಯವಹಾರವು ಆಟದ ಯಂತ್ರದಲ್ಲಿ ನಡೆಯಲೇಬಾರದು.

ಕೋಥರೂಡಿನ ಮನೆಯಲ್ಲಿ ವಾರದ ಮೌನದ ನಂತರ ತಂದೆಯೇ ಸುಟ್ಟ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಚೀಟಿ ಓದಿದರು. "ತಮ್ಮಾ, ಇದರ ಮ್ಯಾಲೆ ಬರದದ್ದು ನೀ ಓದಿದ್ದೇನು?" ಎಂದು ಕೇಳಿದರು. "ಇಲ್ಲಪ್ಪಾ" ಎಂದನು ಹುಡುಗ. "ನಾನೂ ಓದಿದ್ದಿಲ್ಲ" ಎಂದರು ಅವರು. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ರ‍್ಯಾಮೂ ಅದೃಷ್ಟವಶಾತ್ ಉಳಿದಿದ್ದವು. ಮುಂದಿನ ಭಾನುವಾರ ಹೊಸ ಬೋರ್ಡು ಮತ್ತು 5,000 ರೂಪಾಯಿಯ ಎಸ್.ಎಂ.ಪಿ.ಎಸ್. ಊಟದ ಮೇಜಿನ ಮೇಲೆ ಬಂದವು. ತಂದೆ ಕನ್ನಡಕ ಹಾಕಿಕೊಂಡು ಸೂಚನಾಪತ್ರ ಓದುತ್ತ ಹೋದಂತೆ ಮಗ ತಿರುಪುಗಳನ್ನು ಬಿಗಿದನು. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ತಂದೆಯ ಕೈ ಸ್ವಿಚ್ಚಿನ ಕಡೆಗೆ ಹೋಯಿತು. ಹೊಸ ಬೋರ್ಡು ಮೊದಲ ಬಾರಿ ರ‍್ಯಾಮಿನೊಡನೆ ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ನಡುವೆ ಆರಿಸಬಾರದು ಎಂದು ಮಗ ತಡೆದನು. ಇಬ್ಬರೂ ಕಪ್ಪು ಪರದೆಯ ಮುಂದೆ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕುಳಿತರು. ಆಮೇಲೆ ಅಕ್ಷರಗಳು ಮೂಡಿದವು. ಅಜ್ಜನಿಗೆ ಫೋನ್ ಮಾಡಿದವರು ತಂದೆ.